ವರಟೆ ಬಾತುಗಳನ್ನು ಕೆರೆಗೆ ಬಿಟ್ಟಿದ್ದು: ನನ್ನ ಅನುಭವ

"ಸಾಕಿದ ಬಾತು ಕೆರೆಯಲ್ಲಿ ಬದುಕಲ್ಲ, ನಾಯಿ ಪಾಲಾಗುತ್ತೆ" ಅಂತ ಊರಲ್ಲಿ ಎಲ್ಲರೂ ಹೇಳಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು. ಈ ಸಲ ಎಂಟು ವರಟೆ ಬಾತುಗಳು (ನಮ್ಮ ಕೆರೆಗಳಲ್ಲಿರುವ ಕಾಡುಬಾತು) ತಾವಾಗಿಯೇ ಹಾರಿಹೋದವು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಕಡೆ. ಎರಡು ಸಲವೂ ಕೆರೆ ಏರಿಯ ಹುಲ್ಲು ತೆಗೆಯಲು ಜೆಸಿಬಿ ಬಂದು ವರಟೆಯ ಗೂಡು ಹಾಳಾಯಿತು. ಕತ್ತಲಾಗುವವರೆಗೂ ಕಾದೆವು, ತಾಯಿ ಬರಲಿಲ್ಲ. ಅರಣ್ಯ ಇಲಾಖೆಯವರಿಗೆ ಹೇಳಿ, ಒಪ್ಪಿಗೆ ಪಡೆದೇ ಸಾಕಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡುಹಕ್ಕಿಯನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಮೊದಲ ವರ್ಷ ಒಂಬತ್ತು ಮರಿ. ಬಾತು ಅಲ್ವಾ, ಈಜಲಿ ಅಂತ ಎರಡನೇ ದಿನವೇ ಟಬ್ಬಿಗೆ ಬಿಟ್ಟೆ. ತಾಯಿ ಇಲ್ಲದ ಮರಿಗಳ ತುಪ್ಪಳ ಬೇಗ ನೆನೆಯುತ್ತದೆ. ಥಂಡಿಗೆ ಎರಡು ಸತ್ತವು. ಬೇಗ ಬೆಳೆಯಲಿ ಅಂತ ಕೊನೆವರೆಗೂ ಕೋಳಿಮರಿ ಸ್ಟಾರ್ಟರ್ (ಮರಿಗಳಿಗೆ ಕೊಡುವ, ಪ್ರೋಟೀನ್ ಹೆಚ್ಚಿರುವ ಮೇವು) ಹಾಕಿದೆ. ಅದರಿಂದಲೇ ಇರಬೇಕು, ಇನ್ನೆರಡರ ರೆಕ್ಕೆ ತುದಿ ಹೊರಕ್ಕೆ ತಿರುಚಿಕೊಂಡಿತು, ಅವು ಹಾರಲೇ ಇಲ್ಲ. ಉಳಿದ ಐದನ್ನು ಮಂಕರಿಯಲ್ಲಿ ಒಯ್ದು ಕೆರೆಗೆ ಬಿಟ್ಟೆ. ಸಂಜೆಗೆ ಬಟ್ಟೆ ಒಗೆಯುವವರ ಹಿಂದೆಯೇ ಏರಿ ಹತ್ತಿ ಬಂದವು. ಒಂದು ವಾರದಲ್ಲಿ ಐದೂ ನಾಯಿಗಳ ಬಾಯಿಗೆ. ಆರು ಸಾವಿರ ಹೋಯಿತು. ದುಡ್ಡಿಗಿಂತ ಆ ವಾರ ನನಗೆ ಊಟ ಸೇರಲಿಲ್ಲ.

ಈ ಸಲ ಹನ್ನೊಂದು ಮರಿ. ಮೊದಲ ವಾರವೇ ಎರಡು ಹೋದವು. ಮೂರು ವಾರ ಬಲ್ಬಿನ ಕಾವು, ಕುಡಿಯಲು ಕಲ್ಲು ಹಾಕಿದ ತಟ್ಟೆ ನೀರು ಮಾತ್ರ. ಮೂರನೇ ವಾರದಿಂದ ಸ್ಟಾರ್ಟರ್ ಕಡಿಮೆ ಮಾಡಿ ರಾಗಿ, ಭತ್ತ, ಸೊಪ್ಪು, ಎರೆಹುಳು ಕೊಟ್ಟೆ. ಒಂದು ರೆಕ್ಕೆಯೂ ತಿರುಚಲಿಲ್ಲ! ಟಾರ್ಪಾಲ್ ಗುಂಡಿಯಲ್ಲಿ ಅಜೋಲ್ಲಾ (ನೀರ ಮೇಲೆ ತೇಲಿ ಬೆಳೆಯುವ ಸಣ್ಣ ಗಿಡ) ಬೆಳೆಸಿಯೂ ನೋಡಿದೆ. ವಾರದ ಬೆಳೆಯನ್ನು ಒಂದೇ ಬೆಳಗ್ಗೆ ತಿಂದು ಮುಗಿಸಿದವು, ಇನ್ನೊಂದು ಗುಂಡಿ ತೋಡಬೇಕಾಯಿತು. ಮೊಬೈಲಿನಲ್ಲಿ ಬಾತಿನ ಕೂಗು ಕೇಳಿಸಿದ್ದು ಮಾತ್ರ ದಂಡ. ಅವು ಮೊಬೈಲಿನ ಹಿಂದೆಯೇ ಓಡಾಡತೊಡಗಿದವು, ನಿಲ್ಲಿಸಿಬಿಟ್ಟೆ. ಮನುಷ್ಯರ ರೂಢಿ ಆಗದಿರಲಿ ಅಂತ ಮೇವು ಹಾಕುವುದು ನಾನೊಬ್ಬನೇ, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಒಂದು ಮಾತೂ ಆಡದೆ.

ಕೆಲಸ ಮಾಡಿದ್ದು ಕೆರೆಯಂಚಿನ ಪಂಜರ. ಆರು ವಾರಕ್ಕೆ ಮರಿಗಳನ್ನು ಅಲ್ಲಿಗೆ ಸಾಗಿಸಿದೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ಅರ್ಧ ನೀರು, ಅರ್ಧ ನೆಲ. ಬಿದಿರು, ತಂತಿ ಬಲೆ ಸೇರಿ ನಾಲ್ಕೂವರೆ ಸಾವಿರ. ಒಟ್ಟು ಖರ್ಚು ಒಂಬತ್ತು ಸಾವಿರದ ಹತ್ತಿರ. ಕೆರೆಯ ಯಾವ ಮೂಲೆ ಅಂತ ಬರೆಯಲ್ಲ, ಉರುಳು ಹಾಕುವವರಿದ್ದಾರೆ. ನಾಯಿ ಹತ್ತಿರ ಸುಳಿಯದ ಹಾಗೆ ಮಾಡಿದ್ದನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ.

ಹನ್ನೆರಡು ದಿನ ಬಿಟ್ಟು, ಬೆಳಗಿನ ಜಾವ ನೀರಿನ ಕಡೆಯ ಬಾಗಿಲು ತೆಗೆದು ಹಿಂದಿರುಗಿ ನೋಡದೆ ಬಂದೆ. ಒಳಗೆ ಭತ್ತ ಇಟ್ಟಿದ್ದೆ. ಮೊದಲ ರಾತ್ರಿ ಎಂಟೂ ವಾಪಸ್. ಐದಾರು ದಿನಕ್ಕೆ ಕೋಡಿ ಹತ್ತಿರ ಕಾಡು ವರಟೆಗಳ ಹಿಂಡು ಇಳಿಯಿತು, ನಾಲ್ಕು ಅವುಗಳ ಜೊತೆ ಸೇರಿದವು. ಆಮೇಲೆ ದಿನಕ್ಕೊಂದು ಕಡಿಮೆಯಾಗುತ್ತಾ ಬಂತು. ಹದಿಮೂರನೇ ದಿನ ಹಾಕಿದ ಭತ್ತ ಬೆಳಗ್ಗೆ ಹಾಗೇ ಇತ್ತು.

ಪಂಜರ ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಮುಂದಿನ ಸಲಕ್ಕೆ ಇನ್ನೂ ಸಣ್ಣ ಕಣ್ಣಿನ ಬಲೆ ತರಬೇಕು. ಒಂಬತ್ತನೆಯದನ್ನು ಮುಂಗುಸಿ ಎಳೆದಿದ್ದು ಆ ಕಣ್ಣಿನಿಂದಲೇ.