ಬಂಡೆಯೊಳಗಿನ ಪರಾಗದ ಗೊಂಚಲುಗಳನ್ನು ಒಡೆಯದೆ ಹೊರತೆಗೆದ ಬಗೆ

ಕೀಟಗಳಿಂದ ಪರಾಗಸ್ಪರ್ಶ ಎಷ್ಟು ಹಳೆಯದು ಎಂದು ಕೇಳಿದಾಗ ಎಲ್ಲರಿಗೂ ಮೊದಲು ನೆನಪಾಗುವುದು ಅಂಬರಿನಲ್ಲಿ, ಅಂದರೆ ಕಲ್ಲಾದ ಮರದ ರಾಳದಲ್ಲಿ, ಸಿಕ್ಕಿಬಿದ್ದ ಕೀಟಗಳು. ಮ್ಯಾನ್ಮಾರಿನ ಸುಮಾರು 9.9 ಕೋಟಿ ವರ್ಷ ಹಳೆಯ ಅಂಬರಿನಲ್ಲಿ ಮೈಗೆ ಪರಾಗ ಮೆತ್ತಿಕೊಂಡ ಜೀರುಂಡೆಯೇ ಸಿಕ್ಕಿದೆ. ಅಂಥ ಅದೃಷ್ಟ ಅಪರೂಪವಾದ್ದರಿಂದ ನಾನು ಸಸ್ಯದ ಕಡೆಯ ಸಾಕ್ಷ್ಯವನ್ನೇ ನೆಚ್ಚಿಕೊಂಡು, ಡೈನೋಸಾರುಗಳ ಕೊನೆಯ ಕಾಲವಾದ ಕ್ರಿಟೇಷಿಯಸ್ ಯುಗದ ಬೂದುಬಣ್ಣದ ಜೇಡಿಶಿಲೆಯಲ್ಲಿ ಪರಾಗದ ಗೊಂಚಲುಗಳನ್ನು ಹುಡುಕಿದೆ. ಗಾಳಿಯನ್ನು ನಂಬಿದ ಸಸ್ಯಗಳ ಪರಾಗ ಒಣಗಿದ ಪುಡಿಯಂತೆ ಹೆಚ್ಚಾಗಿ ಬಿಡಿಬಿಡಿಯಾಗಿ ಹಾರುತ್ತದೆ. ಕೀಟಗಳನ್ನು ನಂಬಿದ ಸಸ್ಯಗಳ ಪರಾಗಕ್ಕೆ ಎಣ್ಣೆಯಂಥ ಅಂಟಿನ ಲೇಪವಿದ್ದು, ಕಣಗಳು ಒಟ್ಟಾಗಿ ಉದುರುತ್ತವೆ. ಅಮೆರಿಕದ ಮಿನೆಸೋಟದ ಸುಮಾರು 9.6 ಕೋಟಿ ವರ್ಷ ಹಳೆಯ ಸ್ತರಗಳ ಗೊಂಚಲುಗಳನ್ನು ಕುರಿತು ಶುಶೆಂಗ್ ಹು, ಡೇವಿಡ್ ಡಿಲ್ಚರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಾರಿಯನ್ನು ನನಗೆ ತೋರಿಸಿತ್ತು.

ಕಲ್ಲನ್ನು ತೊಳೆದು, ಸಣ್ಣದಾಗಿ ಒಡೆದು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣದ ಅಂಶವನ್ನೂ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸಿಲಿಕೇಟುಗಳನ್ನೂ ಕರಗಿಸುವವರೆಗೆ ಎಲ್ಲವೂ ಪಾಠದಲ್ಲಿ ಹೇಳಿದಂತೆಯೇ. (ಎರಡನೆಯ ಆಮ್ಲ ಮೂಳೆಯವರೆಗೂ ಇಳಿಯಬಲ್ಲದು, ಆಮ್ಲದ ಹೊಗೆಯನ್ನು ಹೊರಗೆಳೆಯುವ ಹೊಗೆಗೂಡು, ದಪ್ಪ ಕೈಗವಸು ಮತ್ತು ಆಮ್ಲ ತಾಗಿದಲ್ಲಿ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಲೇಪ ಇಲ್ಲದೆ ಅದನ್ನು ಮುಟ್ಟಲೇಬಾರದು.) ನಾನು ದಾರಿ ಬದಲಿಸಿದ್ದು ಆನಂತರ. ಮಾದರಿ ಸ್ವಚ್ಛವಾಗಿ ಕಾಣಲೆಂದು ಸಾಮಾನ್ಯವಾಗಿ ಮಾಡುವ ನೈಟ್ರಿಕ್ ಆಮ್ಲದ ಉತ್ಕರ್ಷಣವೂ ಶ್ರವಣಾತೀತ ಕಂಪನವೂ ಗೊಂಚಲುಗಳನ್ನು ಒಡೆದುಬಿಡುತ್ತವೆಯಾದ್ದರಿಂದ ಅವೆರಡನ್ನೂ ಕೈಬಿಟ್ಟೆ. ಕಸವೆಂದು ಚೆಲ್ಲಿಬಿಡಬಹುದಾದ ದೊಡ್ಡ ಕಣಗಳ ಪಾಲನ್ನು ಜರಡಿಯಲ್ಲಿ ಪ್ರತ್ಯೇಕಿಸಿ ಉಳಿಸಿಕೊಂಡೆ, ಏಕೆಂದರೆ ಗೊಂಚಲುಗಳು ಸೇರಿಕೊಳ್ಳುವುದು ಅಲ್ಲಿಯೇ.

ಆದರೆ ನಿಜವಾದ ತೊಡಕು ಗೊಂಚಲು ಸಿಗುವುದರಲ್ಲಿಲ್ಲ, ಸಿಕ್ಕದ್ದನ್ನು ನಂಬುವುದರಲ್ಲಿದೆ. ಆಮ್ಲದ ಅಂಶ ಉಳಿದ ನೀರಿನಲ್ಲಿ ಸಾವಯವ ಶೇಷ ತಾನಾಗಿಯೇ ಮುದ್ದೆಗಟ್ಟಬಹುದಾದ್ದರಿಂದ, ತೊಳೆದ ನೀರು ತಟಸ್ಥವಾಗುವವರೆಗೆ ಬಿಡದೆ ತೊಳೆದೆ. ಗೊಂಚಲು ಕಂಡ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯಲ್ಲೇ ಇರುವ, ಗಾಳಿಚೀಲಗಳುಳ್ಳ ಕೋನಿಫರ್ (ಪೈನ್ ಬಗೆಯ ಮರಗಳ) ಪರಾಗವನ್ನು ಮೊದಲು ಪರಿಶೀಲಿಸಿದೆ: ಗಾಳಿಯಲ್ಲಿ ಹರಡುವ ಅವೂ ಮುದ್ದೆಯಾಗಿದ್ದರೆ ಆ ಪಟ್ಟಿಯ ಯಾವ ಗೊಂಚಲನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಲವು ಜಾತಿಯ ಪರಾಗ ಬೆರೆತ ಉಂಡೆ ಕೀಟದ ಹಿಕ್ಕೆಯೂ ಆಗಿರಬಹುದು. ಅದು ಪರಾಗ ತಿಂದದ್ದಕ್ಕೆ ಸಾಕ್ಷಿಯೇ ಹೊರತು ಸಾಗಿಸಿದ್ದಕ್ಕಲ್ಲ. ಕಣಗಳ ಗೋಡೆ ತೆಳುವಾಗಿ, ಸುತ್ತ ಪೊರೆಯ ಚೂರು ಉಳಿದಿದ್ದರೆ, ಅದು ಬಲಿಯುವ ಮೊದಲೇ ಮಣ್ಣಿಗೆ ಬಿದ್ದ ಪರಾಗಕೋಶದ ತುಣುಕಾಗಿರುವ ಸಾಧ್ಯತೆಯೇ ಹೆಚ್ಚು. ಒಂದೇ ಜಾತಿಯ ಬಲಿತ ಕಣಗಳು, ಪೊರೆಯ ಗುರುತಿಲ್ಲದೆ, ಬೇರೆ ಬೇರೆ ಮಾದರಿಗಳಲ್ಲಿ ಮತ್ತೆ ಮತ್ತೆ ಅಂಟಿಕೊಂಡೇ ಕಂಡಾಗ ಮಾತ್ರ ಕೀಟದ ಕಡೆಗೆ ವಾಲಿದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವ ಬಲೆಯಂಥ ಮೇಲ್ಮೈ ಈ ತೀರ್ಮಾನಕ್ಕೆ ಬಲ ಕೊಡುತ್ತದೆ, ಆದರೂ ಅಲಂಕಾರವೊಂದನ್ನೇ ಆಧಾರವಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಗಾಳಿಯನ್ನು ನಂಬಿದ ಸಸ್ಯಗಳಲ್ಲೂ ಕೆತ್ತನೆಯುಳ್ಳ ಪರಾಗವಿದೆ. ಗೊಂಚಲು ಸಿಗದಿದ್ದರೆ ಕೀಟವಿರಲಿಲ್ಲ ಎಂದೂ ಹೇಳಲಾಗದು, ಏಕೆಂದರೆ ನದಿಯ ಹರಿವೇ ಅದನ್ನು ಬಿಡಿಸಿರಬಹುದು. ಸಿಕ್ಕಾಗಲೂ ಅದನ್ನು ಹೊತ್ತದ್ದು ನೊಣವೋ ಜೀರುಂಡೆಯೋ ಎಂಬುದು ತಿಳಿಯುವುದಿಲ್ಲ. ಸ್ಪೇನಿನ ಕ್ರಿಟೇಷಿಯಸ್ ಅಂಬರಿನಲ್ಲಿ ಹೂವಿಲ್ಲದ ಅನಾವೃತಬೀಜ ಸಸ್ಯಗಳ ಪರಾಗವನ್ನು ಹೊತ್ತ ಥ್ರಿಪ್ಸ್ ಕೀಟಗಳು ಸಿಕ್ಕಿರುವುದರಿಂದ, ಈಗ ನನ್ನ ಜೇಡಿಶಿಲೆಯಲ್ಲಿರುವ, ಅದೇ ಅನಾವೃತಬೀಜ ಗುಂಪಿನ ಸೈಕಸ್ ಬಗೆಯ ಪರಾಗವನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸುತ್ತಿದ್ದೇನೆ.