ಏರು ದಾರಿಯಲ್ಲಿ ಇಳಿಯುವ ಕೊಬ್ಬು

1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿ ಹತ್ತಿರ ಬಂದಾಗ ಮಾತ್ರ ನಮ್ಮಲ್ಲಿ ಕೆಲವರಿಗೆ ಓಟದ ನೆನಪು. ವರ್ಷವಿಡೀ ತೋಟಕ್ಕೂ ಜೀಪಿನಲ್ಲೇ ಹೋಗಿ, ನಲವತ್ತೈದು ದಾಟಿದ ಮೇಲೆ ಒಮ್ಮೆಲೇ ಮೈದಾನಕ್ಕಿಳಿದರೆ ಹೃದಯ ತಡೆಯಬೇಕಲ್ವಾ? ಕನಿಷ್ಠ ಮೂರು ತಿಂಗಳು ಮೊದಲೇ ನಡಿಗೆ ಶುರು ಮಾಡಿ, ರಕ್ತದ ಕೊಬ್ಬೂ ಇಳಿಯುತ್ತದೆ.

ಮೊದಲು ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 150ರ (ಚೀಟಿಯಲ್ಲಿ mg/dL) ಕೆಳಗಿರಬೇಕು. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಜಾಸ್ತಿ ಇರಬೇಕು. ಕೆಲಸ ಮಾಡುವ ಸ್ನಾಯು ರಕ್ತದಲ್ಲಿನ ಕೊಬ್ಬನ್ನು ಎಳೆದುಕೊಂಡು ಉರಿಸುತ್ತದೆ. ಹಾಗಾಗಿ ವ್ಯಾಯಾಮಕ್ಕೆ ಚೆನ್ನಾಗಿ ಬಗ್ಗುವುದು ಟ್ರೈಗ್ಲಿಸರೈಡ್. ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಕೆಟ್ಟದ್ದು ಎನ್ನುವ ಎಲ್‌ಡಿಎಲ್ ಮಾತ್ರ ಹಟಮಾರಿ, ಇಳಿದರೂ ಅಷ್ಟಕ್ಕಷ್ಟೇ. ನಡೆಯಲು ಶುರು ಮಾಡಿದೆ ಅಂತ ಕೊಲೆಸ್ಟ್ರಾಲ್ ಮಾತ್ರೆ ಬಿಡಬೇಡಿ. ಬಿಪಿ, ಸಕ್ಕರೆ ಹತೋಟಿಗೆ ಬರುವ ಲಾಭ ಬೇರೆಯೇ ಇದೆ.

ಈಗ ನಡಿಗೆ. ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ಸಾಕು. ಸಮತಟ್ಟಾದ ದಾರಿ ಆರಿಸಿ ಎನ್ನಬಹುದಿತ್ತು, ಆದರೆ ಮಡಿಕೇರಿಯಲ್ಲಿ ಅದನ್ನು ಹುಡುಕುವುದೇ ಒಂದು ವ್ಯಾಯಾಮ! ಏರಿನಲ್ಲಿ ನಿಧಾನ ಮಾಡಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.

‘ತೋಟದಲ್ಲಿ ಓಡಾಡ್ತೇನಲ್ಲ?’ ಅಂತೀರಾ? ಉಸಿರು ಜೋರಾದರೆ ಲೆಕ್ಕಕ್ಕಿದೆ. ಕಾಫಿ ಕೊಯ್ಯುವವರನ್ನು ನೋಡುತ್ತಾ ನಿಂತರೆ ಇಲ್ಲ.

ಎಲ್ಲರೂ ಸೋಲುವುದು ಜೂನ್‌ನಲ್ಲಿ, ಮಳೆ ಹಿಡಿದಾಗ. ಜಿಗಣೆ ಕಚ್ಚಿಸಿಕೊಂಡು ಜಾರುವ ದಾರಿಯಲ್ಲಿ ಸಾಹಸ ಬೇಡ. ಜಗಲಿಯಲ್ಲೇ ಬೀಸಾಗಿ ನಡೆಯಿರಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ. ವಾರಕ್ಕೆರಡು ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಸ್ನಾಯುಗಳಿಗೂ ಕೆಲಸ ಬೇಕು.

ನಡೆದು ಬಂದ ಮೇಲೆ ಬೆಲ್ಲದ ಕಾಫಿ? ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಉಳಿಯುವ ಕೆಫೆಸ್ಟಾಲ್ ಎಂಬ ಎಣ್ಣೆ ಅಂಶ ಎಲ್‌ಡಿಎಲ್ ಏರಿಸುತ್ತದೆ. ಕಾಫಿ ಬೆಳೆಯುವವರಿಗೆ ಇದನ್ನು ಹೇಳಲು ಸಂಕಟವೇ. ಪೇಪರ್ ಫಿಲ್ಟರ್‌ನಲ್ಲಿ ಸೋಸಿದರೆ ಅದು ಬಹುಪಾಲು ಅಲ್ಲೇ ನಿಲ್ಲುತ್ತದೆ.

ಎದೆ ಬಿಗಿದರೆ, ನೋವು ದವಡೆಗೋ ಎಡಗೈಗೋ ಹರಿದರೆ, ತಣ್ಣನೆ ಬೆವರಿದರೆ ಸುಮ್ನೆ ಗ್ಯಾಸ್ ಅಂತ ಕೂರಬೇಡಿ. ನಡಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಮೊದಲೇ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ. ಮೊದಲು ನೋಡಬೇಕಾದದ್ದು ಟ್ರೈಗ್ಲಿಸರೈಡ್. ಎಲ್‌ಡಿಎಲ್ ಇದ್ದಲ್ಲೇ ಇದ್ದರೆ ನಡಿಗೆ ನಿಲ್ಲಿಸಬೇಡಿ, ಎರಡೂ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ.