ಸಖಿ ಕೇಂದ್ರಕ್ಕೆ ಸರ್ಕಾರದ ಹಣ ಕೇಳುವುದು ಹೇಗೆ?

ಮಾರ್ಚ್ 8 ಬಂದಾಗ, ಇಲ್ಲವೇ ಊರಲ್ಲಿ ಒಂದು ಘೋರ ಘಟನೆ ನಡೆದಾಗ, ನಾವೆಲ್ಲ ಜಿಲ್ಲಾಧಿಕಾರಿ ಕಚೇರಿ ಮುಂದೆ ಸೇರುತ್ತೇವೆ. ಘೋಷಣೆ ಕೂಗುತ್ತೇವೆ, ಮನವಿ ಪತ್ರ ಕೊಡುತ್ತೇವೆ, ಫೋಟೊ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಅಂಥ ಮನವಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಎಲ್ಲದರಲ್ಲೂ ಒಂದೇ ಸಾಲು: ‘ತಪ್ಪಿತಸ್ಥರಿಗೆ ಕಠಿಣ ಶಿಕ್ಷೆಯಾಗಲಿ, ಮಹಿಳೆಯರಿಗೆ ರಕ್ಷಣೆ ಸಿಗಲಿ.’ ಎಷ್ಟು ರೂಪಾಯಿ ಬೇಕು, ಯಾತಕ್ಕೆ ಬೇಕು, ಯಾರು ಕೊಡಬೇಕು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ.

ಶಿಕ್ಷೆ ಕೊಡಿಸುವುದು ಪೊಲೀಸರು ಮತ್ತು ಕೋರ್ಟಿನ ಕೆಲಸ. ಆದರೆ ಆ ರಾತ್ರಿ ಆಸ್ಪತ್ರೆಗೆ ಬಂದ ಹೆಣ್ಣುಮಗಳ ಪಕ್ಕದಲ್ಲಿ ಕೂರುವವರು ಯಾರು? ಆ ಕೂರುವವರಿಗೆ ಹೋದ ತಿಂಗಳ ಸಂಬಳ ಬಂದಿದೆಯಾ? ಇದು ಪೂರ್ತಿ ಹಣದ ಪ್ರಶ್ನೆ. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರಗಳಿಗೆ ಹಣ ಕೇಳುವುದಕ್ಕೆ ಒಂದು ದಾರಿ ಇದೆ.

ಮೊದಲು ಎರಡು ಯೋಜನೆ ಗೊತ್ತಿರಲಿ

2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಣೆಯಾಯಿತು. ಆ ಹಣದಿಂದ 2015ರಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್‌ಗಳು ಶುರುವಾದವು. ಚಿಕಿತ್ಸೆ, ಪೊಲೀಸ್ ನೆರವು, ವಕೀಲರ ಸಲಹೆ, ಆಪ್ತಸಮಾಲೋಚನೆ, ಐದು ದಿನದವರೆಗೆ ಉಳಿಯಲು ಜಾಗ, ಎಲ್ಲವೂ ಒಂದೇ ಸೂರಿನಡಿ ಸಿಗಬೇಕು ಅನ್ನುವುದು ಉದ್ದೇಶ. 181 ಸಹಾಯವಾಣಿಯೂ ಇದಕ್ಕೆ ಜೋಡಿಸಿದ್ದೇ. 2022ರಿಂದ ಇವು ಮಿಷನ್ ಶಕ್ತಿ ಎಂಬ ಕೇಂದ್ರ ಸರ್ಕಾರದ ಮಹಿಳಾ ಯೋಜನೆಯ ಅಡಿ ಬಂದಿವೆ. ಹಣ ಪೂರ್ತಿ ಕೇಂದ್ರ ಸರ್ಕಾರದ್ದು.

ಇನ್ನೊಂದು, ನೊಂದ ಮಹಿಳೆಯರಿಗೆ ನೆರವಾಗುವ ನಮ್ಮ ಕರ್ನಾಟಕ ರಾಜ್ಯದ ಸಾಂತ್ವನ ಯೋಜನೆ. ಸಖಿಗಿಂತ ಹಳೆಯದು. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತದೆ, ಹಣ ರಾಜ್ಯದ್ದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಮುಂದೆ ಇದರಿಂದಲೇ ನಿಮ್ಮನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತಾರೆ.

ಸಖಿ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ

ಹೆಚ್ಚಿನ ಕಡೆ ಜಿಲ್ಲಾಸ್ಪತ್ರೆಯ ಆವರಣದಲ್ಲಿ ಅಥವಾ ಹತ್ತಿರದಲ್ಲೇ ಇರುತ್ತದೆ. ಮೊದಲೇ ಫೋನ್ ಮಾಡಿ, ಇಬ್ಬರೇ ಹೋಗಿ. ಹಾರ, ಬ್ಯಾನರ್, ಮೊಬೈಲ್ ಕ್ಯಾಮೆರಾ ಯಾವುದೂ ಬೇಡ. ಒಳಗೆ ಯಾರಾದರೂ ಬಂದು ಕುಳಿತಿರಬಹುದು. ಸಿಬ್ಬಂದಿಗೆ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಕೈಯಿಂದ ದುಡ್ಡು ಹಾಕೋದು ಯಾತಕ್ಕೆ?’

ನಾನು ಹೀಗೆ ಕೇಳಿದಾಗ ಅಲ್ಲಿನ ಆಪ್ತಸಮಾಲೋಚಕಿ ಎದ್ದುಹೋಗಿ ಒಂದು ಕಬ್ಬಿಣದ ಬೀರು ತೆಗೆದರು. ಮೇಲಿನ ಖಾನೆಯಲ್ಲಿ ರಿಜಿಸ್ಟರ್‌ಗಳು. ಕೆಳಗಿನ ಖಾನೆಯಲ್ಲಿ ಎರಡು ಚೂಡಿದಾರ, ಒಂದು ನೈಟಿ, ಅರ್ಧ ಪ್ಯಾಕೆಟ್ ಪ್ಯಾಡ್. ‘ಇದು ನನ್ನ ಮಗಳ ಬಟ್ಟೆ ಮೇಡಂ. ಮೈಮೇಲಿನ ಬಟ್ಟೆ ಸಾಕ್ಷಿ ಅಂತ ಸೀಲ್ ಮಾಡಿ ತಗೊಂಡು ಹೋಗ್ತಾರೆ. ಆಮೇಲೆ ಆ ಹುಡುಗಿ ಏನು ಹಾಕ್ಕೊಂಡು ಮನೆಗೆ ಹೋಗ್ಬೇಕು? ಅದಕ್ಕೆ ಯಾವ ಲೆಕ್ಕದಲ್ಲೂ ದುಡ್ಡಿಲ್ಲ,’ ಎಂದರು. ನಾನು ಅಲ್ಲೀತನಕ ಬರೆದ ಒಂದು ಮನವಿಯಲ್ಲೂ ಬಟ್ಟೆಯ ಮಾತು ಇರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿ: ದಿನಾಂಕ ಕೇಳಲು ಮರೆಯಬೇಡಿ

ಕಂಡದ್ದನ್ನು ಕಾಗದದಲ್ಲಿ ತರಬೇಕು. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಬಹುದು, ರಾಜ್ಯದ ಆನ್‌ಲೈನ್ ಪೋರ್ಟಲ್ಲಿನಲ್ಲೂ ಹಾಕಬಹುದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಎಷ್ಟೋ ಜನ ಎರಡು ಪುಟ ಬೇಸರ ತೋಡಿಕೊಂಡು ಕೊನೆಗೆ ಪ್ರಶ್ನೆ ಕೇಳುತ್ತಾರೆ. ಅದು ತಿರಸ್ಕಾರವಾಗಿ ವಾಪಸ್ ಬರುತ್ತದೆ. ಹೀಗೆ ಬರೆಯಿರಿ, ಸಾಕು:

‘ನಮ್ಮ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್‌ನ 2024-25ನೇ ಸಾಲಿನ ಲೆಕ್ಕದ ಬಗ್ಗೆ: ಒಂದು, ಬಂದ ಹಣ ಎಷ್ಟು, ಪ್ರತಿ ಕಂತು ಖಾತೆಗೆ ಜಮೆಯಾದ ದಿನಾಂಕ. ಎರಡು, ಬಾಬ್ತುವಾರು ಖರ್ಚು. ಮೂರು, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ. ನಾಲ್ಕು, ಸಿಬ್ಬಂದಿಗೆ ಪ್ರತಿ ತಿಂಗಳ ಸಂಬಳ ಪಾವತಿಯಾದ ದಿನಾಂಕ. ಐದು, ತಿಂಗಳುವಾರು ದಾಖಲಾದ ಪ್ರಕರಣಗಳ ಸಂಖ್ಯೆ ಮಾತ್ರ.’

ಒಂದು ಮತ್ತು ನಾಲ್ಕರಲ್ಲಿ ‘ದಿನಾಂಕ’ ಅನ್ನುವ ಪದ ಬಿಟ್ಟರೆ ಅರ್ಜಿ ಹಾಕಿದ್ದೇ ದಂಡ. ಹಣ ‘ಪೂರ್ತಿ ಬಿಡುಗಡೆಯಾಗಿದೆ’ ಎಂದು ಉತ್ತರ ಬರುತ್ತದೆ, ನೀವೂ ಸುಮ್ಮನಾಗುತ್ತೀರಿ. ಅದು ಮೇ ತಿಂಗಳಲ್ಲಿ ಬಂತೋ ಮಾರ್ಚ್ ಕೊನೆಗೆ ಬಂತೋ ಗೊತ್ತಾಗುವುದೇ ಇಲ್ಲ. ಮಾರ್ಚ್ ಕೊನೆಗೆ ಬಂದಿದ್ದರೆ ನಡುವಿನ ಅಷ್ಟೂ ತಿಂಗಳು ಯಾರೋ ಸಾಲ ಮಾಡಿ ಮನೆ ನಡೆಸಿದ್ದಾರೆ ಅಂತಲೇ ಅರ್ಥ.

ಐದರಲ್ಲಿ ‘ಸಂಖ್ಯೆ ಮಾತ್ರ’ ಎಂದು ಬರೆದಿರುವುದಕ್ಕೂ ಕಾರಣ ಇದೆ. ಹೆಸರು, ಊರು, ವಯಸ್ಸು ಕೇಳಬೇಡಿ. ಅದು ನಿಮಗೆ ಬೇಕಾಗಿಲ್ಲ, ಕೊಡುವುದೂ ತಪ್ಪು.

ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಗೆ ಕಳಿಸಿ. ಕಚೇರಿ ತಪ್ಪಾಗಿದ್ದರೂ ಐದು ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರ ಹೊಣೆ, ಕಾಯ್ದೆಯ ಸೆಕ್ಷನ್ 6(3)ರಲ್ಲೇ ಇದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಇಂಥದ್ದೇ ಇನ್ನೊಂದು ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 2018ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪರಿಹಾರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ಎಂದಿದೆ. ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ಆದೇಶವಾಯಿತು, ಆದೇಶವಾದ ಮೇಲೆ ಹಣ ಕೈಸೇರಲು ಎಷ್ಟು ದಿನ ಹಿಡಿಯಿತು ಎಂದು ಕೇಳಿ.

ಬೇಡಿಕೆ ಬರೆಯುವುದು: ಇಲ್ಲಿ ಹೆಚ್ಚಿನವರು ಎಡವುತ್ತಾರೆ

ಒಂದೇ ಪುಟ. ಎರಡನೇ ಪುಟವನ್ನು ಯಾರೂ ಓದುವುದಿಲ್ಲ. ಮೂರೇ ಬೇಡಿಕೆ. ಹದಿನೈದು ಬೇಡಿಕೆ ಕೊಟ್ಟರೆ ಅದರಲ್ಲಿ ಸುಲಭದ್ದೊಂದನ್ನು ಆರಿಸಿಕೊಂಡು, ಹೆಚ್ಚಾಗಿ ಜಾಗೃತಿ ಜಾಥಾ, ‘ನಿಮ್ಮ ಮನವಿ ಪರಿಗಣಿಸಲಾಗಿದೆ’ ಎಂದುಬಿಡುತ್ತಾರೆ.

ಕಟ್ಟಡ ಕೇಳಬೇಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಕಟ್ಟಡಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಆದ್ದರಿಂದ ಅದಕ್ಕೆ ಕೇಳುವವರೂ ಜಾಸ್ತಿ, ಕೊಡುವವರೂ ಜಾಸ್ತಿ. ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯುವ ಕೈಗೆ ಸಂಬಳ ಕೇಳುವವರು ಕಡಿಮೆ. ನೀವು ಅದನ್ನೇ ಕೇಳಿ.

ಪ್ರತಿ ಬೇಡಿಕೆಯ ಮುಂದೆ ಲೆಕ್ಕ ಇರಲಿ. ಮಾದರಿಗೆ ಒಂದು ಕೊಡುತ್ತೇನೆ, ಅಂಕಿಗಳನ್ನು ನಿಮ್ಮ ಊರಿನ ದರಕ್ಕೆ ಬದಲಾಯಿಸಿಕೊಳ್ಳಿ. ರಾತ್ರಿ ಪಾಳಿಗೆ ಇನ್ನೊಬ್ಬ ಆಪ್ತಸಮಾಲೋಚಕಿ, ತಿಂಗಳಿಗೆ 25,000 ಎಂದರೆ ವರ್ಷಕ್ಕೆ 3 ಲಕ್ಷ. ಹಳ್ಳಿಯಿಂದ ಆಸ್ಪತ್ರೆಗೆ, ಕೋರ್ಟಿಗೆ ಕರೆತರಲು ಬಾಡಿಗೆ ವಾಹನ, ತಿಂಗಳಿಗೆ 35,000 ಎಂದರೆ ವರ್ಷಕ್ಕೆ 4 ಲಕ್ಷ 20 ಸಾವಿರ. ಒಂದು ಜೊತೆ ಬಟ್ಟೆ, ಒಳಉಡುಪು, ಟವೆಲ್, ಪ್ಯಾಡ್, ಚಪ್ಪಲಿ ಇರುವ ಒಂದು ಚೀಲ, 800 ರೂಪಾಯಿಯಂತೆ 150 ಚೀಲಕ್ಕೆ 1 ಲಕ್ಷ 20 ಸಾವಿರ. ಒಟ್ಟು 8 ಲಕ್ಷ 40 ಸಾವಿರ. ಒಂದು ಜಿಲ್ಲೆಗೆ, ಒಂದು ವರ್ಷಕ್ಕೆ ಇದು ಯಾರೂ ಬೆಚ್ಚಿಬೀಳುವ ಮೊತ್ತ ಅಲ್ಲ, ಅಲ್ವಾ? ಅಂಕಿ ಕಣ್ಣಮುಂದೆ ಇದ್ದಾಗ ‘ನೋಡೋಣ’ ಎನ್ನುವುದು ಅಧಿಕಾರಿಗೂ ಕಷ್ಟ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮನವಿಗೆ ತೂಕ ಬರಲಿ ಎಂದು ಅತ್ಯಾಚಾರಕ್ಕೊಳಗಾದ ಹುಡುಗಿಯ ಕಥೆ ಬರೆಯುತ್ತಾರೆ. ಹೆಸರು ಬದಲಿಸಿದ್ದೇವೆ ಎನ್ನುತ್ತಾರೆ. ಆದರೆ ಊರು, ಕಾಲೇಜು, ತಂದೆಯ ಕೆಲಸ ಬರೆದಿರುತ್ತಾರೆ. ತಾಲ್ಲೂಕಿನಲ್ಲಿ ಅಷ್ಟು ಸಾಕು, ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಗುರುತು ಸಿಗುವಂಥ ವಿವರ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಕಾನೂನಿನ ಮಾತು ಹಾಗಿರಲಿ, ಆಕೆಯನ್ನು ಇನ್ನೊಮ್ಮೆ ಎಲ್ಲರ ಮುಂದೆ ನಿಲ್ಲಿಸುವ ಹಕ್ಕು ನಮಗಿಲ್ಲ. ಹುಡುಗಿಯ ಕಥೆ ಬೇಡ. ಬೀರುವಿನ ಕಥೆ ಬರೆಯಿರಿ. ಖಾಲಿ ಖಾನೆ, ಮೂರು ತಿಂಗಳು ತಡವಾದ ಸಂಬಳ, ಸಿಬ್ಬಂದಿ ಕೈಯಿಂದ ಕೊಟ್ಟ ಆಟೋ ಬಾಡಿಗೆ, ಇಷ್ಟು ಸಾಕು.

ಆಸ್ಪತ್ರೆಯ ವಿಷಯ ಸೇರಿಸುವುದಾದರೆ ಕಾನೂನಿನ ಸಾಲನ್ನೇ ಬರೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 397ರಂತೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರಕ್ಕೊಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಸಿಗುತ್ತದೆಯೇ? ಕೇಳಿ ತಿಳಿದುಕೊಂಡು ಆಮೇಲೆ ಬರೆಯಿರಿ.

ಟೈಪ್ ಮಾಡಿಸಿ, ಕನ್ನಡದಲ್ಲೇ. ಡಿಟಿಪಿ ಅಂಗಡಿಯಲ್ಲಿ ಸಿಗುವ ಸಿದ್ಧ ಮನವಿಯ ನಮೂನೆ ಬೇಡ, ಅದರಲ್ಲಿ ಹೊಗಳಿಕೆ ಜಾಸ್ತಿ, ವಿಷಯ ಕಡಿಮೆ. ಸ್ಪೈರಲ್ ಬೈಂಡಿಂಗ್, ಪ್ಲಾಸ್ಟಿಕ್ ಫೋಲ್ಡರ್ ಕೂಡ ಬೇಡ. ಕಡತಕ್ಕೆ ಟ್ಯಾಗ್ ಹಾಕಿ ಸೇರಿಸಲು ಆಗುವುದಿಲ್ಲ, ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಎಡಮೂಲೆಗೆ ಒಂದು ಪಿನ್ ಸಾಕು. ಆನ್‌ಲೈನ್ ಸಹಿ ಸಂಗ್ರಹದ ಜಾಲತಾಣಗಳನ್ನೂ ನಂಬಿ ಕೂರಬೇಡಿ. ಎಲ್ಲೆಲ್ಲಿಯವರದೋ ಐದು ಸಾವಿರ ಸಹಿಗಿಂತ ನಿಮ್ಮ ಶಾಸಕರ ಕ್ಷೇತ್ರದ ಐವತ್ತು ಸ್ತ್ರೀಶಕ್ತಿ ಸಂಘಗಳ ಸೀಲು ಮೇಲು.

ಯಾವಾಗ, ಯಾರಿಗೆ?

ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಇಲಾಖೆಗಳು ತಮ್ಮ ಪಟ್ಟಿಯನ್ನು ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧ ಮಾಡಿರುತ್ತವೆ. ಮಾರ್ಚ್ 8ಕ್ಕೆ ಕೊಟ್ಟ ಮನವಿ ಆ ವರ್ಷಕ್ಕೆ ತಡವಾದ ಮನವಿ. ಮಾಹಿತಿ ಹಕ್ಕಿನ ಅರ್ಜಿ ಜುಲೈ, ಆಗಸ್ಟ್‌ನಲ್ಲಿ ಹಾಕಿ, ಬೇಡಿಕೆ ಅಕ್ಟೋಬರ್ ಹೊತ್ತಿಗೆ ಕೊಡಿ.

ಮೊದಲ ಪ್ರತಿ ಜಿಲ್ಲಾಧಿಕಾರಿಗೆ. ಸಖಿ ಕೇಂದ್ರದ ನಿರ್ವಹಣಾ ಸಮಿತಿಗೆ ಅವರೇ ಅಧ್ಯಕ್ಷರು. ಎರಡನೆಯದು ಇಲಾಖೆಯ ಉಪನಿರ್ದೇಶಕರಿಗೆ. ಮೂರನೆಯದು ಶಾಸಕರಿಗೆ, ಇಲಾಖೆಗಳ ಕೆಲಸದ ಪರಿಶೀಲನೆ ನಡೆಯುವ ಕೆಡಿಪಿ ಸಭೆಗೆ ಒಂದು ವಾರ ಮೊದಲು. ಸಭೆಯಲ್ಲಿ ಅವರು ಪ್ರಶ್ನೆ ಕೇಳಿದರೆ ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ. ಚಳಿಗಾಲದ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯನ್ನೂ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ನೀವೇ ಬರೆದು ಕೊಡಿ. ಶಾಸಕರ ಆಪ್ತ ಸಹಾಯಕರಿಗೆ ಸಿದ್ಧವಾದ ಪ್ರಶ್ನೆ ಸಿಕ್ಕರೆ ಕೆಲಸ ಹಗುರ.

ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸಾಹೇಬರ ಕೈಗೆ ಕೊಟ್ಟು ಫೋಟೊ ತೆಗೆಸಿದ ಮನವಿ ಕಡತ ಸೇರದೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

‘ಇದು ಕೇಂದ್ರದ ಯೋಜನೆ, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ. ಅಲ್ಲಿಗೆ ಎದ್ದು ಬರಬೇಡಿ. ಸಾಂತ್ವನ ರಾಜ್ಯದ ಹಣದಲ್ಲೇ ನಡೆದದ್ದು. ಜಿಲ್ಲಾಸ್ಪತ್ರೆಗಳಲ್ಲಿ ‘ಗೆಳತಿ’ ಚಿಕಿತ್ಸಾ ಘಟಕಗಳನ್ನು ತೆರೆದದ್ದೂ ಇದೇ ರಾಜ್ಯ. ಇದನ್ನು ನೆನಪಿಸಿ, ಮೂರು ಬೇಡಿಕೆಗಳಲ್ಲಿ ಯಾವುದನ್ನು ರಾಜ್ಯ ಕೊಡಬಹುದು, ಯಾವುದನ್ನು ಕೇಂದ್ರಕ್ಕೆ ಬರೆಯಬೇಕು ಎಂದು ಬರಹದಲ್ಲಿ ಕೇಳಿ. ಕೇಂದ್ರಕ್ಕೆ ಬರೆಯುತ್ತೇವೆ ಎಂದರೆ ಆ ಪತ್ರದ ಪ್ರತಿ ತೆಗೆದುಕೊಳ್ಳಿ.

ಬಜೆಟ್ ಮುಗಿದ ಮೇಲೆ

ಭಾಷಣ ಕೇಳಿ ಖುಷಿಪಡಬೇಡಿ. ಭಾಷಣದಲ್ಲಿ ಬಂದ ಸಾಲಿಗೆ ಬಜೆಟ್ ಪುಸ್ತಕದಲ್ಲಿ ಮೊತ್ತ ಇದೆಯೇ ನೋಡಿ. ಮಹಿಳೆಯರ ಯೋಜನೆಗಳಿಗೆ ಬೇರೆಯೇ ಪುಸ್ತಕ ಬರುತ್ತದೆ, ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಕಳೆದ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಈ ವರ್ಷದ ಅಂದಾಜು, ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಮೊತ್ತ ಬಿಟ್ಟುಹೋಗಿದ್ದರೆ ವರ್ಷದ ನಡುವೆ ಹೆಚ್ಚುವರಿ ಹಣಕ್ಕೆ ಮಂಡಿಸುವ ಪೂರಕ ಅಂದಾಜು ಇದೆ, ಅದೇ ಒಂದು ಪುಟವನ್ನು ಅಧಿವೇಶನಕ್ಕೆ ಮುಂಚೆ ಮತ್ತೆ ಕೊಡಿ.

ಮೊತ್ತ ಬಂದಿದ್ದರೆ ಜುಲೈನಲ್ಲಿ ಆ ಕೇಂದ್ರಕ್ಕೆ ಇನ್ನೊಮ್ಮೆ ಇಬ್ಬರೇ ಹೋಗಿ. ಬೀರುವಿನ ಕೆಳಗಿನ ಖಾನೆ ತೆಗೆಯಲು ಹೇಳಿ.